ಈರಯ್ಯ ಡಾಕ್ಟರು ನೋಡದ ಕೈಗಳು

ತಿಕೋಟಾದ ಬಜಾರಿನಲ್ಲಿ ಈರಯ್ಯನ ದವಾಖಾನೆಗೆ ನೆಗಡಿ ಎಂದು ಹೋದರೂ ಅವನು ಮೊದಲು ಕೈ ನೋಡುತ್ತಿದ್ದ. ನಾಡಿಯಲ್ಲ, ಕೈ. ಎರಡೂ ಕೈ ಚಾಚಿಸಿ, ಬಾಗಿಲ ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡುತ್ತಿದ್ದ. ಬಳೆ ಇದ್ದರೆ ಮೇಲೆ ಸರಿಸುತ್ತಿದ್ದ. ಮದರಂಗಿ ಇದ್ದರೆ ಕನ್ನಡಕ ಏರಿಸಿ, ಹೆಬ್ಬೆರಳಿನಿಂದ ಉಜ್ಜಿ ಉಜ್ಜಿ ನೋಡುತ್ತಿದ್ದ. ಆಮೇಲೆ ಕೊರಳ ಗುಂಡಿ ಬಿಚ್ಚಲು ಹೇಳುತ್ತಿದ್ದ. ಇದೆಲ್ಲ ಮುಗಿದ ಮೇಲೇ “ಹಾಂ, ಏನಾಗೇತಿ?” ಎಂಬ ಪ್ರಶ್ನೆ. ಡಾಕ್ಟರು ಜ್ಯೋತಿಷ್ಯ ಕಲಿತಿದ್ದಾರೆ ಎಂದು ಊರವರು ಮುಸಿಮುಸಿ ನಕ್ಕರು. ಮುದುಕನೊಬ್ಬ ತಾನಾಗಿಯೇ ಅಂಗೈ ಚಾಚಿ, ಮಗನಿಗೆ ನೌಕರಿ ಯಾವಾಗ ಎಂದು ಕೇಳಿದನಂತೆ. ಈರಯ್ಯ ಅವನ ಕೈಯನ್ನೂ ತಿರುಗಿಸಿ ನೋಡಿ, ಬೇಳೆ ತಿನ್ನು ಎಂದು ಹೇಳಿ ಕಳಿಸಿದ.

ನನಗೆ ಮಾತ್ರ ಇದರಲ್ಲಿ ನಗು ಬರುತ್ತಿರಲಿಲ್ಲ. ಆ ಚಟ ಎಲ್ಲಿಂದ ಬಂತೆಂಬುದು ನನಗೆ ಗೊತ್ತಿತ್ತು.

ನಾನು ಬಂದೇನವಾಜ. ಬಬಲೇಶ್ವರದಲ್ಲಿ ನನ್ನದೂ ಒಂದು ದವಾಖಾನೆ ಇತ್ತು. ಈರಯ್ಯ ಮತ್ತು ನಾನು ಹುಬ್ಬಳ್ಳಿಯಲ್ಲಿ ಒಂದೇ ಖೋಲಿಯಲ್ಲಿದ್ದು ಓದಿದವರು. ಅವನು ಜಂಗಮರ ಹುಡುಗ, ಅಪ್ಪ ಊರೂರು ತಿರುಗಿ ಲಗ್ನ, ಅಯ್ಯಾಚಾರದ ದೀಕ್ಷೆ ಮಾಡಿಸುತ್ತಿದ್ದವರು. ಆರು ಅಡಿ ಎತ್ತರ, ಕಿವಿ ಗುಂಯ್ ಎನ್ನುವ ಗಂಟಲು. ಅವನು ಗುಟ್ಟು ಹೇಳಿದರೆ ಪಕ್ಕದ ಓಣಿಗೆ ಕೇಳುತ್ತಿತ್ತು. ಹಳೆಯ ರಾಜದೂತ ಮೋಟಾರ್‌ಸೈಕಲ್ಲಿನ ಮೇಲೆ ಆತ ಬರುವುದು ನೋಡಿದರೆ ಗಾಡಿಯ ಮೇಲೆಯೇ ಕನಿಕರ ಬರುತ್ತಿತ್ತು. ತಾಯತ ಕಟ್ಟುವವರನ್ನೂ, ದೆವ್ವ ಬಿಡಿಸುವವರನ್ನೂ ಕಂಡರೆ ಉರಿದು ಬೀಳುತ್ತಿದ್ದ, ಅವರೊಂದಿಗೆ ಜಗಳಕ್ಕೇ ನಿಲ್ಲುತ್ತಿದ್ದ. ಒಳ್ಳೆಯವನು. ಒಳ್ಳೆಯವರು ಹಟಮಾರಿಗಳಾದರೆ ಎಷ್ಟು ಕಷ್ಟ ಎಂದು ನಾನು ಅವನಿಂದಲೇ ಕಲಿತೆ.

ಎಪ್ಪತ್ತಾರನೇ ಇಸವಿಯಲ್ಲಿ, ವಿಜಾಪುರ ಸೀಮೆಯ ಡಾಕ್ಟರರಿಗೆ ಮನೋರೋಗದ ಪಾಠ ಮಾಡಿಸಬೇಕೆಂದು ನಮ್ಮ ಕೆಲವು ಹಿರಿಯರಿಗೆ ಹೊಳೆಯಿತು. ಹೊಳೆದದ್ದು ತಪ್ಪಲ್ಲ. ನಮ್ಮ ಓದಿನಲ್ಲಿ ಮನಸ್ಸಿಗೆ ಸಿಕ್ಕ ಜಾಗ ಬಲು ಸಣ್ಣದು. ಒಂದು ದಿನ ಬಸ್ಸಿನಲ್ಲಿ ಧಾರವಾಡದ ಹುಚ್ಚಾಸ್ಪತ್ರೆಗೆ ಕರೆದೊಯ್ದು, ಕಂಬಿಯ ಹಿಂದೆ ನಿಂತವರನ್ನು ತೋರಿಸಿ, ದಾರಿಯಲ್ಲಿ ಮಿರ್ಚಿ ಭಜಿ ತಿನ್ನಿಸಿ ಕರೆತಂದಿದ್ದರು. ಅಷ್ಟೇ ನಮ್ಮ ಮನೋವೈದ್ಯ. ಹಳ್ಳಿಯಲ್ಲಿ ತಲೆ ಕೆಟ್ಟವರು ಬಂದರೆ ನಿದ್ದೆ ಔಷಧಿ ಕೊಟ್ಟು, ಧಾರವಾಡಕ್ಕೆ ಒಯ್ಯಿರಿ ಎಂದು ಕೈ ತೊಳೆದುಕೊಳ್ಳುತ್ತಿದ್ದೆವು. ಅವರು ಧಾರವಾಡಕ್ಕೆ ಹೋಗುತ್ತಿರಲಿಲ್ಲ, ಸರಪಳಿಗೆ ಹೋಗುತ್ತಿದ್ದರು.

ಸ್ಟೇಷನ್ ರಸ್ತೆಯ ಒಂದು ಧರ್ಮಶಾಲೆಯ ಮಾಳಿಗೆಯ ಮೇಲೆ ಭಾನುವಾರ ಭಾನುವಾರ ಪಾಠ ನಡೆಯಿತು. ಕಿಟಕಿಯಿಂದ ಗೋಳಗುಮ್ಮಟ ಕಾಣುತ್ತಿತ್ತು. ಮಧ್ಯಾಹ್ನದ ರೊಟ್ಟಿ, ಎಣಗಾಯಿ ಆದ ಮೇಲೆ ನಾನು ಅದನ್ನೇ ನೋಡುತ್ತ ತೂಕಡಿಸುತ್ತಿದ್ದೆ. ಪಾಠ ಹೇಳಲು ಬರುತ್ತಿದ್ದವರು ಬೇರೆ ಜಿಲ್ಲೆಯ ಒಬ್ಬ ಪ್ರೊಫೆಸರು, ಮೆಲುದನಿಯ ತೆಳ್ಳಗಿನ ಮನುಷ್ಯ. ಮೊದಲ ದಿನವೇ ಅವರು, “ಮೊದಲು ದೇಹ ನೋಡಿ, ಆಮೇಲೆ ಮನಸ್ಸಿಗೆ ಬನ್ನಿ” ಎಂದರು. ಅದು ನಮಗೆ ಗೊತ್ತಿದ್ದದ್ದೇ ಎಂದು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಮಗೆ ಹೊಸದು ಬೇಕಾಗಿತ್ತು. ಹೊಸದು ಸಿಕ್ಕಿತು: ಇಲ್ಲದ ದನಿ ಕೇಳುವವರು, ಇಲ್ಲದ ಹುಳು ಮೈಮೇಲೆ ಹರಿದಾಡುತ್ತದೆ ಎನ್ನುವವರು, ಅತಿಯಾಗಿ ಸಿಂಗಾರ ಮಾಡಿಕೊಳ್ಳುವವರು, ಹೆರಿಗೆಯಾದ ಮೇಲೆ ಮಗುವನ್ನೇ ಗುರುತಿಸದ ಬಾಣಂತಿಯರು. ರೋಗಿಯ ಭ್ರಮೆಗೆ ಹೂಂ ಅನ್ನಬಾರದೆಂದೂ ಕಲಿತೆವು. ಈರಯ್ಯ ಮುಂದಿನ ಸಾಲಿನಲ್ಲಿ ಕೂತು, ಕಣ್ಣು ಮಿಟುಕಿಸದೆ ಕೇಳುತ್ತಿದ್ದ.

“ಲೇ ಬಂದ್ಯಾ, ಎಷ್ಟ ಮಂದೀನ ಸರಪಳಿ ಹಾಕಿ ಕೊಂದೇವಲೇ ನಾವು,” ಎಂದು ಒಂದು ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಹೆಗಲು ಹಿಡಿದು ಅಲುಗಾಡಿಸಿದ. ಕಣ್ಣಲ್ಲಿ ನೀರಿತ್ತು. ಜನ ತಿರುಗಿ ನೋಡಿದರು.

ಮರುವರ್ಷ ಬೇಸಿಗೆಯಲ್ಲಿ ಘೋಣಸಗಿಯಿಂದ ಒಂದು ಸುದ್ದಿ ಅವನಿಗೆ ಬಂತು. ರಾಜಬಿ ಎಂಬ ವಿಧವೆ, ಒಂದೆರಡು ಮೇಕೆ ಸಾಕಿಕೊಂಡು ಕೂಲಿಗೆ ಹೋಗುತ್ತಿದ್ದವಳು. ಇಬ್ಬರು ಹೆಣ್ಣುಮಕ್ಕಳು. ಹಿರಿಯವಳಾದ ಗುಲಶನಳನ್ನು ಸೊಲ್ಲಾಪುರದ ಮಿಲ್ಲಿನ ಕೆಲಸದವನಿಗೆ ಕೊಟ್ಟಿದ್ದಳು. ಹುಡುಗಿ ಹೆರಿಗೆಗೆ ತವರಿಗೆ ಬಂದು, ಗಂಡುಮಗುವನ್ನು ಹೆತ್ತು, ಈಗ ತಲೆ ಕೆಟ್ಟವರಂತೆ ಆಡುತ್ತಿದ್ದಾಳೆ, ನಾಳೆ ದರ್ಗಾಕ್ಕೆ ಒಯ್ದು ಕಟ್ಟಿಹಾಕುತ್ತಾರೆ ಎಂಬುದು ಸುದ್ದಿ. ಈರಯ್ಯ ರಾಜದೂತ ಒದ್ದು ಹೊರಟೇಬಿಟ್ಟ. ಅಲ್ಲಿ ನಡೆದದ್ದನ್ನು ಅವನೇ ಮುಂದೆ ನನಗೆ ಎಷ್ಟೋ ಸಲ ಹೇಳಿದ್ದಾನೆ. ಒಂದು ಮಾತೂ ಅದಲುಬದಲಾಗುತ್ತಿರಲಿಲ್ಲ.

ಕತ್ತಲು ಕೋಣೆ. ಗುಲಶನ ಗೋಡೆಗೆ ಆತು ಕೂತಿದ್ದಳು. ತಲೆಗೂದಲು ಕೆದರಿತ್ತು, ಸೆರಗನ್ನು ಕೊರಳ ತುಂಬ ಸುತ್ತಿಕೊಂಡಿದ್ದಳು. ಮಗು ಮೂಲೆಯಲ್ಲಿ ಅಳುತ್ತಿದ್ದರೂ ತಿರುಗಿ ನೋಡುತ್ತಿರಲಿಲ್ಲ. ಆದರೆ ಎರಡೂ ಕೈಗೆ, ಮೊಳಕೈಯವರೆಗೆ, ದಟ್ಟವಾಗಿ ಮದರಂಗಿ. ಬಾಣಂತಿಯ ಮನೆಯಲ್ಲಿ, ಅದೂ ಈ ಸ್ಥಿತಿಯಲ್ಲಿ, ಈ ಪರಿ ಸಿಂಗಾರ! ಈರಯ್ಯನಿಗೆ ಮಾಳಿಗೆಯ ಮೇಲಿನ ಪಾಠ ನೆನಪಾಯಿತು.

“ನಿನ್ನ ಹೆಸರೇನವ್ವಾ?”

“ಕೈ ಉರ್ಯಾಕತ್ತಾವ್ರಿ. ಬೆಂಕಿ ಹತ್ತೈತಿ. ಆರಸ್ರಿ.”

“ಎಲ್ಲೈತಿ ಬೆಂಕಿ? ನನಗ ಕಾಣವಲ್ದಲ್ಲ?”

“ನಿಮಗ ಹೆಂಗ ಕಾಣತೈತ್ರಿ? ಕೈ ನನ್ನವು.”

ರಾಜಬಿ ಬಾಗಿಲಲ್ಲಿ ನಿಂತು, “ಹೊಟ್ಟೀನೂ ನಿಂತಿಲ್ರಿ ಯಪ್ಪಾ, ಹಗಲೆಲ್ಲಾ ಹೊರಗ ಓಡ್ತಾಳ. ಪಥ್ಯಾ ಬಿಗಿ ಮಾಡೇನಿ, ಆದ್ರೂ ನಿಲ್ಲವಲ್ದು,” ಎಂದಳು.

“ಹೊಟ್ಟಿಗೊಂದು ಗುಳಿಗಿ ಕೊಡ್ತೇನಿ. ಮೊದಲ ತಲಿ ನೆಟ್ಟಗಾಗ್ಲಿ, ಅವ್ವಾ.”

ಪಥ್ಯ ಎಂದರೆ ಏನೆಂದು ಅವನು ಕೇಳಲಿಲ್ಲ. ನಮ್ಮ ಕಡೆಯವನಿಗೆ ಕೇಳುವ ಅಗತ್ಯವೂ ಇರಲಿಲ್ಲ, ಗೊತ್ತಿದ್ದದ್ದೇ. ಬಾಣಂತಿ ಬೇಳೆ ತಿಂದರೆ ಮಗುವಿಗೆ ವಾಯು, ಹಾಲು ಕುಡಿದರೆ ಭೇದಿ, ಕಾಯಿಪಲ್ಯೆ ತಿಂದರೆ ಥಂಡಿ. ಉಳಿದದ್ದು ಜೋಳದ ರೊಟ್ಟಿ, ಬೆಳ್ಳುಳ್ಳಿ, ಖಾರ. ಬಸುರಿಯಾಗಿದ್ದಾಗಲೂ ಬಡವರ ಮನೆಯಲ್ಲಿ ಅದೇ ಇತ್ತು. ಅಂಥ ಊಟದ ಮೇಲೆ ತಿಂಗಳುಗಟ್ಟಲೆ ಬದುಕಿದವರಿಗೆ ಬೇಸಿಗೆ ಬಂದೊಡನೆ ಒಂದು ರೋಗ ಬರುತ್ತದೆ. ಬಿಸಿಲು ಬಿದ್ದ ಕಡೆ, ಎಂದರೆ ಕೈ, ಕಾಲು, ಕೊರಳ ಸುತ್ತ, ಚರ್ಮ ಸುಟ್ಟಂತೆ ಕರ್ರಗಾಗಿ ಸುಲಿಯುತ್ತದೆ, ಉರಿಯುತ್ತದೆ. ಹೊಟ್ಟೆ ಕಿತ್ತುಕೊಳ್ಳುತ್ತದೆ. ಬಿಟ್ಟರೆ ತಲೆ ಕೆಡುತ್ತದೆ, ಆಮೇಲೆ ಸಾವು. ಪುಸ್ತಕದಲ್ಲಿ ಅದರ ಹೆಸರು ಪೆಲಾಗ್ರಾ. ನಾವಿಬ್ಬರೂ ಪ್ರತಿ ಬೇಸಿಗೆ ಇಂಥವರನ್ನು ನೋಡುತ್ತಿದ್ದೆವು. ಬಾಗಿಲಿಗೆ ಬರುವಾಗಲೇ ಗುರುತಿಸಿ, ವಿಟಮಿನ್ ಗುಳಿಗೆ ಕೊಟ್ಟು, ಬೇಳೆ, ಶೇಂಗಾ ತಿನ್ನಲು ಹೇಳಿ ಕಳಿಸುತ್ತಿದ್ದೆವು. ಹದಿನೈದು ದಿನದಲ್ಲಿ ನಗುತ್ತ ಬರುತ್ತಿದ್ದರು.

ಕೈ ಉರಿಗೆ ತಂಪಾಗಲೆಂದು ರಾಜಬಿ ಮಗಳ ಕೈಗೆ ಮದರಂಗಿ ಅರೆದು ಮೆತ್ತಿದ್ದಳು. ನಮ್ಮ ಮನೆಗಳಲ್ಲಿ ಅಂಗಾಲು ಉರಿದರೂ ಅದನ್ನೇ ಮೆತ್ತುತ್ತಾರೆ. ಆ ಕೆಂಪಿನ ಕೆಳಗೆ ಚರ್ಮ ಕಪ್ಪಾಗಿ ಬಿರಿದಿತ್ತು. ಪಾಠಕ್ಕೆ ಹೋಗುವ ಮೊದಲಿನ ಈರಯ್ಯನಾಗಿದ್ದರೆ, ಉರಿ ಎಂದೊಡನೆ ಆ ಕೈ ಹಿಡಿದು ಬೆಳಕಿಗೆ ಎಳೆಯುತ್ತಿದ್ದ.

ಪಾಠ ಕಲಿತ ಈರಯ್ಯ ಸೂಜಿ ಚುಚ್ಚಿ, ಹುಚ್ಚಿನ ಗುಳಿಗೆ ಕೊಟ್ಟ. ಹೋಗುವಾಗ ರಾಜಬಿಗೆ ತಾಕೀತು ಮಾಡಿದ: “ಬೆಂಕಿ ಅಂದ್ರ ಹೂಂ ಅನ್ನಬ್ಯಾಡ. ಬೆಂಕಿ ಇಲ್ಲ, ಸುಮ್ಮನಿರು ಅನ್ನು. ಮದರಂಗಿನೂ ಹಚ್ಚಬ್ಯಾಡ, ಹಚ್ಚಿದ್ರ ಆಕಿ ಭ್ರಮಾ ಗಟ್ಟಿ ಆಗತೈತಿ.” ದರ್ಗಾದ ಮಾತು ಎತ್ತಬಾರದೆಂದೂ ಹೇಳಿದ. ರಾಜಬಿ ಅವನನ್ನು ನಂಬಿದಳು. ಆ ವರ್ಷಗಳಲ್ಲಿ ಹಳ್ಳಿಯ ಜನ ಮಕ್ಕಳಾಗದ ಆಪರೇಶನ್‌ಗೆ ಹಿಡಿದೊಯ್ಯುತ್ತಾರೆಂದು ಡಾಕ್ಟರರನ್ನು ಕಂಡರೆ ಹೊಲ ಬಿದ್ದು ಓಡುತ್ತಿದ್ದರು. ಈರಯ್ಯನನ್ನು ಕಂಡು ಮಾತ್ರ ಯಾರೂ ಓಡುತ್ತಿರಲಿಲ್ಲ.

ಅಷ್ಟಕ್ಕೇ ಬಿಟ್ಟಿದ್ದರೆ ಒಂದು ಮಾತು. ಹೊರಗೆ ಬೇವಿನ ಮರದ ಕಟ್ಟೆಯ ಮೇಲೆ ನಿಂತು ಊರನ್ನು ಸೇರಿಸಿದ. ಜನರಿಗೆ ತಿಳಿವಳಿಕೆ ಕೊಡಬೇಕೆಂಬುದೂ ಪಾಠದಲ್ಲಿತ್ತಲ್ಲ! ಆ ಗಂಟಲಿನಲ್ಲಿ ಸಾರಿದ: “ಇದು ಗಾಳಿ ಅಲ್ಲ, ದೆವ್ವ ಅಲ್ಲ. ಸಕ್ಕರಿ ರೋಗ ಇದ್ದಂಗ ಇದೂ ಒಂದು ರೋಗ. ಕೆಲವು ಮನಿತನದಾಗ ರಕ್ತದಾಗ ಬರತೈತಿ. ನಾಚಿಕಿ ಪಡೂ ಮಾತಲ್ಲ. ಔಷಧಿ ಐತಿ.” ಊರವರು ತಲೆದೂಗಿದರು. ಔಷಧಿಯ ಮಾತು ಬೇವಿನ ಮರದ ಕೆಳಗೇ ಉಳಿಯಿತು. ರಕ್ತದ ಮಾತು ಮನೆಮನೆಗೆ ಹೋಯಿತು.

ಗುಳಿಗೆಗೆ ಗುಲಶನ ಸುಮ್ಮನಾದಳು. ಮಲಗಿದಲ್ಲೇ ಮಲಗಿದಳು. ಈರಯ್ಯ ಮತ್ತೊಮ್ಮೆ ಹೋಗಿ ನೋಡಿ, ಕೌದಿಯೊಳಗೆ ತಣ್ಣಗೆ ಮಲಗಿದವಳನ್ನು ಕಂಡು ಗುಣವಾಗುತ್ತಿದ್ದಾಳೆಂದು ಹಿಗ್ಗಿದ. ಬಬಲೇಶ್ವರದ ತನಕ ಗಾಡಿ ಓಡಿಸಿಕೊಂಡು ಬಂದು ನನಗೆ ಪೇಡೆ ತಿನ್ನಿಸಿದ. ಮೊದಲ ಮಳೆ ಬೀಳುವ ಹೊತ್ತಿಗೆ ಗುಲಶನ ಸತ್ತಳು. ವಾಂತಿಭೇದಿ ಎಂದರು. ಆ ವಾರ ಸುತ್ತಲ ಹಳ್ಳಿಗಳಲ್ಲಿ ವಾಂತಿಭೇದಿ ಇತ್ತು, ಹೀಗಾಗಿ ಈರಯ್ಯನೂ ಹಾಗೆಯೇ ತಿಳಿದ. ಕೈಯ ಕೆಂಪು ಮಾಸುವ ಮೊದಲೇ ಮಣ್ಣಾದಳು.

ಈಗ ಮುನೀರಾಳ ಮಾತು. ರಾಜಬಿಯ ಕಿರಿಯ ಮಗಳು. ಅವಳ ಸಂಬಂಧ ನಮ್ಮ ಬಬಲೇಶ್ವರದ ಬಾಬುಸಾಬನ ಮಗನೊಂದಿಗೆ ಗೊತ್ತಾಗಿತ್ತು. ಬಾಬುಸಾಬನದು ಹೊಲಿಗೆ ಅಂಗಡಿ, ನನ್ನ ದವಾಖಾನೆಯ ಎದುರಿಗೇ. ಗುಲಶನ ಮಣ್ಣಾದ ಮೇಲೆ ಅವನು ಮಾತು ಮುರಿದ. “ರಕ್ತದಾಗ ಐತಂತ್ರೀ. ನಾವು ಹೇಳೂದಲ್ಲ, ಡಾಕ್ಟರೇ ಕಟ್ಟಿ ಮ್ಯಾಲ ನಿಂತು ಹೇಳ್ಯಾರ,” ಎಂದು ಬಂದವರಿಗೆಲ್ಲ ಹೇಳಿದ. ಅವನು ಮುರಿದ ಮೇಲೆ ಬೇರೆ ಯಾರೂ ಆ ಬಾಗಿಲು ತುಳಿಯಲಿಲ್ಲ.

ರಾಜಬಿ ಮೊಮ್ಮಗನನ್ನು ಸೊಂಟಕ್ಕೆ ಹಾಕಿಕೊಂಡು ತಿಕೋಟಾಕ್ಕೆ ನಡೆದು ಬಂದು ಈರಯ್ಯನ ಕಾಲು ಹಿಡಿದಳಂತೆ. “ಒಂದ ಮಾತು ಹೇಳ್ರಿ ಸಾಹೇಬ್ರ, ಅದು ರಕ್ತದಾಗಿಂದ ಅಲ್ಲ ಅಂತ. ನೀವು ಹೇಳಿದ್ರ ಕೇಳತಾರ.”

“ಸುಳ್ಳ ಹೆಂಗ ಹೇಳ್ಲಿ ಅವ್ವಾ? ಡಾಕ್ಟರಾಗಿ ಸುಳ್ಳ ಹೇಳಬಾರದು,” ಎಂದು ಇವನು ಅವಳನ್ನು ಎಬ್ಬಿಸಿ, ಮಗುವಿನ ಕೈಗೆ ಬಿಸ್ಕೀಟು ಕೊಟ್ಟು ಕಳಿಸಿದ.

ಚಳಿಗಾಲದಲ್ಲಿ ಪ್ರೊಫೆಸರು ಮತ್ತೆ ವಿಜಾಪುರಕ್ಕೆ ಬಂದರು. ಈ ಸಲ ಪಾಠವಿಲ್ಲ, ನಾವೇ ನಮ್ಮ ರೋಗಿಗಳ ಬಗ್ಗೆ ಹೇಳಬೇಕು. ಅದೇ ಧರ್ಮಶಾಲೆ, ಅದೇ ಮಾಳಿಗೆ. ಈರಯ್ಯ ಎದ್ದು ನಿಂತ. ಬಾಣಂತಿಯ ಹುಚ್ಚಿಗೆ ಹಳ್ಳಿಯಲ್ಲೇ ಚಿಕಿತ್ಸೆ ಕೊಟ್ಟೆ, ಸರಪಳಿ ತಪ್ಪಿಸಿದೆ, ಹುಡುಗಿ ಶಾಂತವಾದಳು, ದುರ್ದೈವದಿಂದ ವಾಂತಿಭೇದಿಗೆ ತುತ್ತಾದಳು ಎಂದು ಚೆನ್ನಾಗಿಯೇ ಹೇಳಿದ. ಕೈಗೆ ಬೆಂಕಿ ಹತ್ತಿದೆ ಎನ್ನುತ್ತಿದ್ದ ಭ್ರಮೆಯನ್ನು ವರ್ಣಿಸಿದ. ಒಂದಿಬ್ಬರು ವಾಹ್ ಎಂದರು.

ಪ್ರೊಫೆಸರು ಪೆನ್ನು ಕೆಳಗಿಟ್ಟು, “ಏನು ತಿನ್ನುತ್ತಿದ್ದಳು?” ಎಂದು ಕೇಳಿದರು.

“ಪಥ್ಯದ ಊಟ ಸರ್. ಜೋಳದ ರೊಟ್ಟಿ.”

“ಹೊಟ್ಟೆ?”

“ಮೊದಲಿನಿಂದಲೂ ಕೆಟ್ಟಿತ್ತು.”

“ಕೈ ಹೇಗಿದ್ದವು?”

“ಕೈಗೆ ಮದರಂಗಿ ಹಚ್ಚಿದ್ದರು ಸರ್, ಮೊಳಕೈ ತನಕ...” ಎಂದವನು ಅಲ್ಲಿಗೇ ನಿಂತ. ಅವನ ಬಾಯಿ ತೆರೆದೇ ಇತ್ತು. “ಪೆಲಾಗ್ರಾ,” ಎಂದು ಪ್ರೊಫೆಸರು ಮೆಲ್ಲಗೆ ಹೇಳಿದರು. ಕೂತುಕೊಳ್ಳಿ ಎಂದು ಕೈಸನ್ನೆ ಮಾಡಿದರು. ಅವನು ಕೂಡಲಿಲ್ಲ, ಮೆಟ್ಟಿಲಿಳಿದು ಹೋದ. ನಾನು ಹಿಂದೆಯೇ ಓಡಿದೆ. ಸ್ಟೇಷನ್ ರಸ್ತೆಯಲ್ಲಿ, ಟಾಂಗಾಗಳ ನಡುವೆ ನಿಂತು, ಚಹಾದಂಗಡಿಯ ಬೆಂಚು ಹಿಡಿದುಕೊಂಡು, “ಕೈ ನೋಡ್ಲಿಲ್ಲಲೇ ನಾ,” ಎಂದ.

ಮರುದಿನ ಬೆಳಿಗ್ಗೆಯೇ ಬಬಲೇಶ್ವರಕ್ಕೆ ಬಂದ. ಮೊದಲು ಬಾಬುಸಾಬನಿಗೆ ಹೇಳುವುದು, ಮುನೀರಾಳ ಸಂಬಂಧ ಕೂಡಿಸುವುದು, ಆ ಸುದ್ದಿ ಕೈಯಲ್ಲಿ ಹಿಡಿದುಕೊಂಡು ರಾಜಬಿಯ ಮುಂದೆ ಹೋಗುವುದು ಎಂದು ಲೆಕ್ಕ ಹಾಕಿದ್ದ. ಬರಿಗೈಯಲ್ಲಿ ಅವಳ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ. ನಾನೂ ಜೊತೆಗೆ ಹೋದೆ.

ಬಾಬುಸಾಬ ಹೊಲಿಗೆ ನಿಲ್ಲಿಸಿ, ಚಹಾ ತರಿಸಿ, ಎಲ್ಲ ಕೇಳಿದ. ಈರಯ್ಯ ಒಂದನ್ನೂ ಮುಚ್ಚಿಡಲಿಲ್ಲ. ತಾನು ಕೈ ನೋಡಲಿಲ್ಲ, ರೋಗ ಹೊಟ್ಟೆಗೆ ಇಲ್ಲದ್ದರಿಂದ ಬಂದದ್ದು, ಆ ರಕ್ತದಲ್ಲಿ ಏನೂ ಕೆಡುಕಿಲ್ಲ, ಕೆಡುಕು ತನ್ನದು ಎಂದ. ಬಾಬುಸಾಬನ ಕಣ್ಣು ಒದ್ದೆಯಾದವು. ಎದ್ದು ಬಂದು ಈರಯ್ಯನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ.

“ನಿಮ್ಮಂಥಾ ದೊಡ್ಡ ಮನಸಿನವ್ರು ಈ ಕಾಲದಾಗ ಸಿಗಂಗಿಲ್ರಿ ಡಾಕ್ಟರ್ ಸಾಹೇಬ್ರ. ಬಡ ಹುಡುಗಿ ನಿಕಾಹ್ ಆಗ್ಲಿ ಅಂತ ನಿಮ್ಮ ಹೆಸರಿಗೆ ನೀವೇ ಮಸಿ ಬಳಕೊಳ್ಳಾಕತ್ತೀರಿ. ಆವಾಗ ಖರೆ ಹೇಳಿದ್ರಿ. ಈಗ ಆ ಮುದುಕಿ ಕಣ್ಣೀರು ನೋಡಿ ಕರಗೀರಿ.”

“ಇಲ್ಲೋ ಮಾರಾಯಾ, ಇದು ಖರೆ. ಆವಾಗ ಹೇಳಿದ್ದು ಸುಳ್ಳು.”

“ಯಾವ ಡಾಕ್ಟರ್ ತಾ ತಪ್ಪ ಮಾಡೇನಿ ಅಂತ ಮನಿ ತನಕಾ ಬಂದ ಹೇಳತಾನ್ರಿ?”

ನಾನು ಬಾಯಿ ಹಾಕಿದೆ. ಇವನು ಹೇಳುವುದು ನಿಜ, ಪ್ರೊಫೆಸರೇ ಗುರುತಿಸಿದ್ದಾರೆ, ನಾನೇ ಕಿವಿಯಾರೆ ಕೇಳಿದ್ದೇನೆ ಎಂದೆ. ಬಾಬುಸಾಬ ನನ್ನ ಕಡೆ ನೋಡಿ ನಕ್ಕ. “ನೀವು ಅವ್ರ ದೋಸ್ತರು. ಇನ್ನೇನ ಹೇಳತೀರಿ?” ಎಂದ. ಚಹಾದ ದುಡ್ಡು ಸಹ ಕೊಡಗೊಡಲಿಲ್ಲ. ಓಣಿ ತುಂಬ ಸುದ್ದಿಯಾಯಿತು, ಈರಯ್ಯ ಡಾಕ್ಟರು ಎಂಥ ದೇವರಂಥ ಮನುಷ್ಯ ಎಂದು. ಮುನೀರಾಳಿಗೆ ಮಾತ್ರ ಆ ಬಾಗಿಲು ತೆರೆಯಲಿಲ್ಲ. ಮುಂದೆ ಅವಳನ್ನು ದೂರದ ಮಿರಜಿನ ಕಡೆ, ಹೆಂಡತಿ ಸತ್ತ, ಅಪ್ಪನ ವಯಸ್ಸಿನವನೊಬ್ಬನಿಗೆ ಕೊಟ್ಟರು. ನನಗೆ ಈಗಲೂ ಆ ಓಣಿಯ ಹೊಗಳಿಕೆ ನೆನಪಾದರೆ ಮೈ ಉರಿಯುತ್ತದೆ.

ಹೊರಗೆ ಬಂದು ಗಾಡಿಯ ಹತ್ತಿರ ನಿಂತಾಗ ನಾನು, “ಇನ್ನ ರಾಜಬಿಗೆ ಹೇಳಬ್ಯಾಡ. ಹೇಳಿದ್ರ ಮುನೀರಾಗ ಏನೂ ಆಗೂದಿಲ್ಲ. ಅಲ್ಲಾನ ಮರ್ಜಿ ಅಂತ ಮುದುಕಿ ಸಮಾಧಾನ ಮಾಡಕೊಂಡಾಳ. ಅದನ್ನೂ ಯಾಕ ಕಸಕೋತೀ?” ಎಂದೆ. ಅದು ಸರಿಯೆಂದೇ ಈಗಲೂ ನನಗೆ ಅನ್ನಿಸುತ್ತದೆ.

“ಆಕಿ ಮಗಳು ಹುಚ್ಚಿ ಅಂತ ತಿಳಕೊಂಡಾಳಲೇ,” ಎಂದ ಈರಯ್ಯ. ಗಾಡಿ ಒದ್ದ. ಒಬ್ಬನನ್ನೇ ಬಿಡಲಾಗದೆ ನಾನು ಹಿಂದೆ ಕೂತೆ.

ಘೋಣಸಗಿಯಲ್ಲಿ ರಾಜಬಿ ಅಂಗಳದಲ್ಲಿ ಕೂತು ಮೊಮ್ಮಗನಿಗೆ ಮೇಕೆಯ ಹಾಲು ಕುಡಿಸುತ್ತಿದ್ದಳು. ಒಳಗೆ ಮುನೀರಾ ರೊಟ್ಟಿ ಬಡಿಯುತ್ತಿದ್ದಳು. ಈರಯ್ಯ ಹೊರಸಿನ ಮೇಲೆ ಕೂಡಲಿಲ್ಲ, ಅವಳೆದುರು ನೆಲಕ್ಕೇ ಕೂತ. ಮೆಲ್ಲಗೆ ಮಾತಾಡಿದ. ಅವನಿಗೆ ಮೆಲ್ಲಗೆ ಮಾತಾಡಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಮಾತು ನಡೆದಂತೆ ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

ರಾಜಬಿ ನನ್ನ ಕಡೆ ತಿರುಗಿ ಉರ್ದುವಿನಲ್ಲಿ ಕೇಳಬಹುದಿತ್ತು. ಕೇಳಲಿಲ್ಲ. ಅವನ ಮುಖವನ್ನೇ ನೋಡಿದಳು. ಇಡೀ ಸೀಮೆಯಲ್ಲಿ ಅವನ ಮಾತನ್ನು ಆ ದಿನ ನಂಬಿದವಳು ಅವಳೊಬ್ಬಳೇ.

“ಹುಚ್ಚ ಇದ್ದಿಲ್ಲ?”

“ಇದ್ದಿಲ್ಲವ್ವಾ.”

“ಕೈ ಖರೇನ ಉರೀತಿದ್ದೂ?”

“ಖರೇನ ಉರೀತಿದ್ದೂ.”

“ಅದಕ್ಕ ಗುಳಿಗಿ ಇತ್ತು ಅಂದ್ರಲ್ರಿ. ನಿಮ್ಮಲ್ಲಿ ಇದ್ದೂವೇನ?”

ಈರಯ್ಯ ತಲೆ ತಗ್ಗಿಸಿದ. “ಕಪಾಟಿನ್ಯಾಗ ಇದ್ದೂ.”

ಎದೆ ಬಡಿದುಕೊಳ್ಳುತ್ತಾಳೆ, ಮಣ್ಣು ತೂರುತ್ತಾಳೆ, ಉಗುಳುತ್ತಾಳೆ ಎಂದು ನಾನು ಕಾದೆ. ಅವಳು ಮಗುವಿನ ಬಾಯಿ ಒರೆಸಿದಳು. ಆಮೇಲೆ ಮಾತಾಡಿದಳು. ಅದು ಅವನಿಗೆ ಹೇಳಿದ್ದಲ್ಲ, ನನಗೂ ಅಲ್ಲ.

“ಡಾಕ್ಟರು ಹೇಳ್ಯಾರ ಅಂತ ಹಚ್ಚೂದು ಬಿಟ್ಟೆ. ಹಚ್ಚ ಬೇ, ಒಂದೀಟ ಹಚ್ಚ ಬೇ ಅಂತ ಎರಡೂ ಕೈ ಚಾಚತಿದ್ಲು. ಬೆಂಕಿ ಇಲ್ಲ, ಸುಮ್ಮನಿರು ಅಂತ ಬೈದೆ. ಕಡೀ ದಿನಾನೂ ಕೈ ಚಾಚಿದ್ಲು, ಕಡೀ ದಿನಾನೂ ಬೈದೆ. ಸಾಯೂಳು ಹೆಂಗೂ ಸತ್ತಳು. ಮದರಂಗಿ ಒಂದರ ಹಚ್ಚತಿದ್ನಲ್ಲ, ಯಪ್ಪಾ.”